‘ಇದು ಅವರದಲ್ಲ’: ಬದಲಾದ ಎರಡನೆಯ ಆಲ್ಬಮ್ಮು ಮತ್ತು ಕೇಳುಗರ ತೀರ್ಪು

ಮಾನ್ಯ ಅಧ್ಯಕ್ಷರೆ, ಸಂಗೀತದ ಗೆಳೆಯರೆ,

2008 ರ ಬೇಸಿಗೆಯಲ್ಲಿ ನಾವು ಮೂವರು ಇದೇ ಹಾಸನದಲ್ಲಿ, ಬಿ.ಎಂ. ರಸ್ತೆಯ ಹಿಂಭಾಗದ ಓಣಿಯೊಂದರಲ್ಲಿ, ಒಂದು ಮಹಡಿ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಹದಿನೈದು ಹಾಡುಗಳನ್ನು ತಂದಿದ್ದ. ಪ್ಯಾನಿಕ್ ಅಟ್ ದ ಡಿಸ್ಕೋ ಎಂಬ ಅಮೆರಿಕದ ಪಾಪ್ ರಾಕ್ ತಂಡದ ಎರಡನೆಯ ಆಲ್ಬಮ್ಮು ಅದು, ಹೆಸರು ‘ಪ್ರಿಟಿ. ಆಡ್.’ ಮೊದಲನೆಯ ಆಲ್ಬಮ್ಮನ್ನು ಕಂಠಪಾಠ ಮಾಡಿದ್ದ ನನ್ನ ಕೋಣೆಯ ಜೊತೆಗಾರ ನಾಲ್ಕು ಹಾಡು ಕೇಳಿದ, ಐದನೆಯದಕ್ಕೆ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತ, “ಯಾರದೋ ಹಾಡಿಗೆ ಇವರ ಹೆಸರು ಅಂಟಿಸಿದ್ದಾರೆ ಕಣೋ” ಎಂದವನೇ ಶಿಫ್ಟ್ ಒತ್ತಿ ಹಿಡಿದು, ಕಸದ ಬುಟ್ಟಿಗೂ ಹೋಗದ ಹಾಗೆ, ಇಡೀ ಫೋಲ್ಡರನ್ನು ಅಳಿಸಿಬಿಟ್ಟ. ತಪ್ಪು ಹೆಸರಿನ ಎಂಪಿ3 ಕಡತಗಳು ಧಾರಾಳವಾಗಿ ಓಡಾಡುತ್ತಿದ್ದ ಕಾಲ ಅದಾದ್ದರಿಂದ ಅವನ ಅನುಮಾನಕ್ಕೆ ಆಧಾರವೇ ಇರಲಿಲ್ಲ ಎನ್ನಲಾಗದು.

ಆತ ಹಾಡುಗಳು ಕೆಟ್ಟದಾಗಿವೆ ಎಂದು ಹೇಳಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಅವು ಅವರವಲ್ಲ ಎಂದ. ‘ಇದು ಚೆನ್ನಾಗಿಲ್ಲ’ ಎನ್ನುವುದು ಹಾಡನ್ನು ಕುರಿತ ಮಾತು. ‘ಇದು ಅವರದಲ್ಲ’ ಎನ್ನುವುದು ಹಾಡುವವನ ಮೇಲೆ ಕೇಳುಗ ತನಗಿದೆಯೆಂದು ಭಾವಿಸಿಕೊಂಡ ಹಕ್ಕನ್ನು ಕುರಿತ ಮಾತು. ಶೈಲಿ ಬದಲಾದ ಎರಡನೆಯ ಆಲ್ಬಮ್ಮಿನ ಬಗ್ಗೆ ಕೇಳುಗರು ಆಡುವ ಮಾತುಗಳಲ್ಲಿ ಈ ಎರಡೂ ಕಲಸಿಹೋಗಿರುತ್ತವೆ, ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುತ್ತದೆ ಎಂಬುದನ್ನು ಈ ಸಂಜೆ ತೋರಿಸಲು ಯತ್ನಿಸುತ್ತೇನೆ.

ಮೊದಲು ತಂಡದ ವಿಷಯ. ಲಾಸ್ ವೇಗಸ್ ನಗರದ ಅಂಚಿನ ಸಮ್ಮರ್ಲಿನ್ ಬಡಾವಣೆಯ ಹುಡುಗರು ಇವರು. ಗಿಟಾರ್ ನುಡಿಸುತ್ತ ಹಾಡಿನ ಸಾಹಿತ್ಯ ಬರೆಯುತ್ತಿದ್ದ ರಯಾನ್ ರಾಸ್ ಮತ್ತು ಡ್ರಮ್ಸ್ ಬಾರಿಸುತ್ತಿದ್ದ ಸ್ಪೆನ್ಸರ್ ಸ್ಮಿತ್ ಬಾಲ್ಯಸ್ನೇಹಿತರು. ಕಂಠ ಬ್ರೆಂಡನ್ ಯೂರಿಯದು. ಅಂತರಜಾಲದಲ್ಲಿದ್ದ ಇವರ ಕಚ್ಚಾ ಧ್ವನಿಮುದ್ರಣಗಳನ್ನು ಕೇಳಿ ಫಾಲ್ ಔಟ್ ಬಾಯ್ ತಂಡದ ಪೀಟ್ ವೆಂಟ್ಜ್ ತನ್ನ ಸಂಸ್ಥೆಗೆ ಇವರನ್ನು ಸೇರಿಸಿಕೊಂಡಾಗ ಇವರು ಜನರೆದುರು ಒಂದು ಕಚೇರಿಯನ್ನೂ ಕೊಟ್ಟಿರಲಿಲ್ಲ. 2005 ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಆಲ್ಬಮ್ಮು ‘ಎ ಫೀವರ್ ಯು ಕಾಂಟ್ ಸ್ವೆಟ್ ಔಟ್’ ಎರಡು ಅರ್ಧಗಳಾಗಿ ಸೀಳಿಕೊಂಡಿತ್ತು: ಮೊದಲರ್ಧದಲ್ಲಿ ಸಿಂಥಸೈಜರು, ಯಂತ್ರದ ತಾಳ, ಕುಣಿತದ ಲಯ, ನಡುವೆ ‘ಇಂಟರ್‌ಮಿಷನ್’ ಎಂದೇ ಹೆಸರಿಟ್ಟ ವಾದ್ಯಖಂಡ, ಅಲ್ಲಿಂದಾಚೆ ಪಿಯಾನೊ, ಅಕಾರ್ಡಿಯನ್, ನಮ್ಮ ಕಂಪನಿ ನಾಟಕದ ಪರದೆ ಏಳುವಾಗಿನಂಥ ಒಂದು ಸಡಗರ. ಸಾಹಿತ್ಯವೋ, ಒಂದುಸಿರಿಗೆ ಹಿಡಿಸದಷ್ಟು ಮಾತು, ಕೊಂಕು, ಸಿಟ್ಟು. ಸರ್ಕಸ್ಸಿನವರು ಮದುವೆಮನೆಗೆ ನುಗ್ಗುವ ಅವರ ವೀಡಿಯೊ 2006 ರಲ್ಲಿ ಎಂಟಿವಿಯ ವರ್ಷದ ವೀಡಿಯೊ ಪ್ರಶಸ್ತಿ ಪಡೆಯಿತು. ಕಣ್ಣಿಗೆ ಕಾಡಿಗೆ ಹಚ್ಚಿದ ಹದಿನೈದು ಹದಿನಾರರ ಹುಡುಗ ಹುಡುಗಿಯರು ಪ್ರಪಂಚದ ನಾನಾ ಊರುಗಳಲ್ಲಿ ಇದನ್ನು ತಮ್ಮದೇ ದಿನಚರಿಯೆಂಬಂತೆ ಹಚ್ಚಿಕೊಂಡರು.

2007 ರ ವಸಂತದಲ್ಲಿ ತಂಡದವರು ನೆವಾಡಾದ ಮೌಂಟ್ ಚಾರ್ಲ್ಸ್‌ಟನ್ ಬೆಟ್ಟದ ಮನೆಯೊಂದನ್ನು ಹಿಡಿದು ಕೂತು ಎರಡನೆಯ ಆಲ್ಬಮ್ಮಿಗೆಂದು ಹಾಡು ಕಟ್ಟಿದರು, ಆ ಬೇಸಿಗೆಯಲ್ಲಿ ಅದನ್ನೆಲ್ಲ ಬದಿಗೆ ಸರಿಸಿ ಮತ್ತೆ ಮೊದಲಿನಿಂದ ಆರಂಭಿಸಿದರು. ರಾಬ್ ಮ್ಯಾಥಿಸ್ ನಿರ್ಮಾಪಕನಾಗಿ ಬಂದ. ತಂತಿವಾದ್ಯ, ತುತ್ತೂರಿಗಳ ಭಾಗವನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಮುದ್ರಿಸಿದರು. ಬೀಟಲ್ಸ್ ಹಾಡಿದ ಜಾಗ ಅದು ಎಂಬುದನ್ನು ಕೇಳುಗರು ಮರೆಯುವ ಹಾಗೆಯೇ ಇರಲಿಲ್ಲ, ಏಕೆಂದರೆ ಬಂದ ಸಂಗೀತವೂ 1960ರ ದಶಕದ ಕೊನೆಯ ಆ ಧಾಟಿಯದೇ: ಒಬ್ಬರ ದನಿಯ ಮೇಲೆ ಇನ್ನೊಬ್ಬರ ದನಿ ಕೂರುವ ಹಾಡುಗಾರಿಕೆ, ಬಿಸಿಲು, ಚಂದ್ರ, ಹೂವು, ಹವಾಮಾನ. ಕಣ್ಣಿನ ಕಾಡಿಗೆ ಅಳಿದು ಮೈಮೇಲೆ ಹೂವಿನ ಅಂಗಿ ಬಂತು. ತಂಡದ ಹೆಸರಿನ ನಡುವೆ ಇದ್ದ ಆಶ್ಚರ್ಯಸೂಚಕ ಚಿಹ್ನೆಯನ್ನು 2008 ರ ಜನವರಿಯಲ್ಲಿ ತೆಗೆದುಹಾಕಿದರು. ಇದಕ್ಕಾಗಿ ಅಭಿಮಾನಿಗಳು ಪಟ್ಟ ಸಂಕಟವನ್ನು ನೆನೆದರೆ ಈಗ ನಗು ಬರುತ್ತದೆ. ಆದರೆ ಊರಿನ ದೇವರ ಉತ್ಸವಮೂರ್ತಿಯ ಒಂದು ಒಡವೆ ಕಾಣದಿದ್ದರೆ ನಾವು ಎಷ್ಟು ಗಲಾಟೆ ಮಾಡುತ್ತೇವೆ ಎಂಬುದನ್ನೂ ನೆನೆಯಬೇಕು.

ಆಲ್ಬಮ್ಮು 2008 ರ ಮಾರ್ಚಿನಲ್ಲಿ ಬಂತು. ಮೊದಲ ವಾರ ಅಮೆರಿಕದಲ್ಲಿ ಸುಮಾರು 1,39,000 ಪ್ರತಿಗಳು ಖರ್ಚಾಗಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನ ಪಡೆಯಿತು. ಈ ಅಂಕಿಯನ್ನು ಎರಡನೆಯ ಆಲ್ಬಮ್ಮಿನ ಯಶಸ್ಸೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲ ವಾರ ಕೊಳ್ಳುವವನು ಹೆಚ್ಚಾಗಿ ಕೇಳದೆಯೇ ಕೊಳ್ಳುತ್ತಾನೆ. ಆ ಹಣ ಮೊದಲ ಆಲ್ಬಮ್ಮಿಗೆ ಸಲ್ಲಬೇಕಾದ ಬಾಕಿ. ಒಟ್ಟು ಮಾರಾಟದಲ್ಲಿ ‘ಪ್ರಿಟಿ. ಆಡ್.’ ತನ್ನ ಅಣ್ಣನನ್ನು ಮುಟ್ಟಲೇ ಇಲ್ಲ.

ಕೇಳುಗರು ಏನೆಂದರು? ನೊಂದವರ ಮಾತು ಎಲ್ಲಕ್ಕಿಂತ ಜೋರಾಗಿತ್ತು. ತಮ್ಮ ಸಿಟ್ಟಿಗೆ ಮಾತು ಕೊಟ್ಟವರು ಈಗ ಚಂದ್ರನ ಬಗ್ಗೆ ಹಾಡುತ್ತಿದ್ದಾರೆ ಎಂಬುದು ಅವರ ದೂರು. ಇದನ್ನು ಹಗುರವಾಗಿ ತಳ್ಳಿಹಾಕಬಾರದು, ಏಕೆಂದರೆ ಅದರೊಳಗೆ ಒಂದು ನಿಜವಾದ ನಷ್ಟವಿದೆ: ಮೊದಲ ಆಲ್ಬಮ್ಮಿನ ಸಾಹಿತ್ಯದಲ್ಲಿದ್ದ ಚೂಪು ಎರಡನೆಯದರಲ್ಲಿ ಬಹುಮಟ್ಟಿಗೆ ಮೊಂಡಾಗಿದೆ. ಇನ್ನೊಂದೆಡೆ, ಮೊದಲ ಆಲ್ಬಮ್ಮನ್ನು ಮಕ್ಕಳಾಟವೆಂದು ಮೂಗು ಮುರಿದಿದ್ದ ವಯಸ್ಸಾದ ಕೇಳುಗರು ಇದ್ದಕ್ಕಿದ್ದಂತೆ ತಲೆದೂಗಿದರು, ‘ಈಗ ಇವರಿಗೆ ಸಂಗೀತ ಬಂತು’ ಎಂದರು. ಈ ಹೊಗಳಿಕೆ ನನಗೆ ಆ ದೂರಿಗಿಂತ ಹೆಚ್ಚು ಅನುಮಾನಾಸ್ಪದ. ಅವರು ಮೆಚ್ಚಿದ್ದು ತಮ್ಮ ಹರೆಯದಲ್ಲಿ ಕೇಳಿದ ಬೀಟಲ್ಸನ್ನು; ಅದನ್ನು ನೆನಪಿಸಿದ ಹುಡುಗರಿಗೆ ಪ್ರಸಾದ ಕೊಟ್ಟರು, ಅಷ್ಟೆ. ‘ಇದು ಬರೀ ನಕಲು’ ಎಂದವರೂ ಇದ್ದರು. ಆದರೆ ಫಾಲ್ ಔಟ್ ಬಾಯ್ ತಂಡದ ನಕಲು ಎಂಬ ಆಪಾದನೆ ಮೊದಲ ಆಲ್ಬಮ್ಮಿಗೂ ಇತ್ತಲ್ಲ. ಹತ್ತಿರದವರನ್ನು ಅನುಕರಿಸಿದಾಗ ಕ್ಷಮಿಸಿದ ಕೇಳುಗ ದೂರದವರನ್ನು ಅನುಕರಿಸಿದಾಗ ಕ್ಷಮಿಸದಿರುವುದಕ್ಕೆ ಸಂಗೀತದ ಕಾರಣ ನನಗೆ ಹೊಳೆಯುವುದಿಲ್ಲ. ಎರಡನ್ನೂ ಇಷ್ಟಪಟ್ಟವರು ಬಹಳ ಮಂದಿ ಇದ್ದಿರಬೇಕು, ಆದರೆ ತೃಪ್ತಿಯಾದವನು ಕೂಗುವುದಿಲ್ಲವಾದ್ದರಿಂದ ಅವರ ಮಾತು ನಮಗೆ ದಕ್ಕುವುದು ಕಡಿಮೆ.

ತಂಡಕ್ಕೆ ಇದೆಲ್ಲ ಮೊದಲೇ ಗೊತ್ತಿತ್ತು. ಆಲ್ಬಮ್ಮಿನ ಮೊದಲ ಹಾಡು ಒಂದೂವರೆ ನಿಮಿಷವೂ ಇಲ್ಲ. ಇಷ್ಟು ದಿನ ಕಾಣೆಯಾಗಿದ್ದಕ್ಕೆ ಕ್ಷಮೆ ಕೇಳುತ್ತ, ಗಾಬರಿಯಾಗಬೇಡಿ, ನಾವು ಹಳಬರೇ ಎಂದು ಕೇಳುಗರನ್ನು ಸಮಾಧಾನಪಡಿಸುವುದೇ ಅದರ ಹುರುಳು. ಅದರಲ್ಲಿ ತಮಾಷೆಯ ಪಾಲೇ ಹೆಚ್ಚು, ನಿಜ. ಆದರೂ ಅದು ಎಡವಿದ ಜಾಗ ಎಂದು ನನ್ನ ಅಭಿಪ್ರಾಯ. ಮದುವೆಗೆ ತಡವಾಗಿ ಬಂದವನು ಬಾಗಿಲಲ್ಲೇ ನಿಂತು ಕಾರಣ ಹೇಳತೊಡಗಿದರೆ, ಗಮನಿಸದೆ ಇದ್ದವರೂ ಗಡಿಯಾರ ನೋಡುತ್ತಾರೆ. ನೀವು ಹಳಬರೇ ಹೌದೇ ಎಂಬ ಪ್ರಶ್ನೆಯನ್ನು ಕೇಳುಗನ ಕಿವಿಯಲ್ಲಿ ನೆಟ್ಟವರು ಅವರೇ. ಅದಾದ ಮೇಲೆ ಉಳಿದ ಹದಿನಾಲ್ಕು ಹಾಡನ್ನೂ ಆತ ಆ ಪ್ರಶ್ನೆಗೆ ಉತ್ತರವೆಂದೇ ಕೇಳುತ್ತಾನೆ. ಸಂಗೀತವಾಗಿ ನೋಡಿದರೆ ‘ನೈನ್ ಇನ್ ದಿ ಆಫ್ಟರ್‌ನೂನ್’ ನಂಥ ಹಾಡಿನಲ್ಲಿ ಯೂರಿಯ ಕಂಠಕ್ಕೆ ಮೊದಲ ಆಲ್ಬಮ್ಮಿನಲ್ಲಿ ಸಿಗದ ಉಸಿರಾಟದ ಜಾಗ ಸಿಕ್ಕಿದೆ. ಮಾತಿನ ಒತ್ತಡ ಇಳಿದದ್ದರಿಂದ ಸ್ವರ ನಿಲ್ಲುತ್ತದೆ, ಬೆಳೆಯುತ್ತದೆ. ಹದಿನೈದರಲ್ಲಿ ನಾಲ್ಕನ್ನು ಬಿಟ್ಟಿದ್ದರೆ ಆಲ್ಬಮ್ಮು ಇನ್ನೂ ಗಟ್ಟಿಯಾಗುತ್ತಿತ್ತು.

ಮುಂದಿನದ್ದನ್ನು ಚುಟುಕಾಗಿ ಹೇಳುತ್ತೇನೆ. 2009 ರ ಜುಲೈನಲ್ಲಿ ರಾಸ್ ಮತ್ತು ಬಾಸ್ ಗಿಟಾರಿನ ಜಾನ್ ವಾಕರ್ ಹೊರನಡೆದರು. ಕೆಲವೇ ದಿನಗಳಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹೆಸರಿಗೆ ಮರಳಿತು. ಹೊರಹೋದ ಇಬ್ಬರು ದ ಯಂಗ್ ವೇನ್ಸ್ ಎಂಬ ತಂಡ ಕಟ್ಟಿ, 2010 ರಲ್ಲಿ ಆ ಹಳೆಯ ಧಾಟಿಯಲ್ಲೇ ಒಂದು ಆಲ್ಬಮ್ಮು ತಂದರು. ಅದರ ಹೆಸರಿನ ಕೊನೆಗೂ ಒಂದು ಆಶ್ಚರ್ಯಸೂಚಕ ಚಿಹ್ನೆ ಇತ್ತು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಈಗ ಇನ್ನೊಂದು ಉದಾಹರಣೆ. ಅಮೆರಿಕದ ವೀಜರ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ಮು 1994 ರಲ್ಲಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು: ನೀಟಾದ ರಾಗ, ನೀಟಾದ ಧ್ವನಿಮುದ್ರಣ, ನಗುಮುಖದ ಪೆದ್ದುತನ. 1996 ರಲ್ಲಿ ತಂಡದವರು ತಾವೇ ನಿರ್ಮಿಸಿದ ‘ಪಿಂಕರ್ಟನ್’ ಬಂದಾಗ ಜನ ಬೆಚ್ಚಿದರು. ಹಾಡುಗಾರ ರಿವರ್ಸ್ ಕ್ವೋಮೊ ಅಷ್ಟರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದ, ಕಾಲಿನ ಶಸ್ತ್ರಚಿಕಿತ್ಸೆಯ ನೋವಿನಲ್ಲಿದ್ದ; ಪುಚ್ಚಿನಿಯ ‘ಮದಾಮ ಬಟರ್‌ಫ್ಲೈ’ ಒಪೆರಾದಲ್ಲಿ, ಅಂದರೆ ಹಾಡುನಾಟಕದಲ್ಲಿ, ಹೆಂಡತಿಯನ್ನು ತೊರೆದು ಹೋಗುವ ನೌಕಾಧಿಕಾರಿಯ ಹೆಸರನ್ನು ಆಲ್ಬಮ್ಮಿಗೆ ಇಟ್ಟಿದ್ದ. ಗಿಟಾರು ಒರಟು, ತಾಳ ಕುಸಿಯುವಂತೆ ಭಾಸ, ಸಾಹಿತ್ಯದಲ್ಲಿ ಬೇರೆಯವರ ಮುಂದೆ ಹೇಳಲು ನಾಚಬೇಕಾದ ಸಂಗತಿಗಳು. ಅದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಮ್ಮುಗಳ ಸಾಲಿಗೆ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಓದುಗರು ಸೇರಿಸಿದರು. 2001 ರ ಹೊತ್ತಿಗೆ ಕ್ವೋಮೊ ಸ್ವತಃ ಅದರ ಬಗ್ಗೆ ಹೇಸಿಗೆಪಟ್ಟು ಮಾತನಾಡುತ್ತಿದ್ದ. ಅಷ್ಟರಲ್ಲಿ ಇನ್ನೊಂದು ತಲೆಮಾರು ಅದನ್ನು ಗುಟ್ಟಾಗಿ ಕೈಯಿಂದ ಕೈಗೆ ದಾಟಿಸಿತ್ತು. 2004 ರಲ್ಲಿ ಅದೇ ಪತ್ರಿಕೆ ಅದಕ್ಕೆ ಐದು ನಕ್ಷತ್ರ ಕೊಟ್ಟಿತು. 2010 ರಲ್ಲಿ ತಂಡ ಊರೂರು ತಿರುಗಿ ಆ ಆಲ್ಬಮ್ಮನ್ನು ಆದಿಯಿಂದ ಅಂತ್ಯದವರೆಗೆ ನುಡಿಸಿತು.

ಕಾಲವೇ ನ್ಯಾಯಾಧೀಶ, ಮೊದಲು ಬೈದವರು ಆಮೇಲೆ ಹೊಗಳಲೇಬೇಕು ಎಂದು ಈ ಕಥೆಯಿಂದ ತೀರ್ಮಾನಿಸುವವರೊಂದಿಗೆ ನಾನು ಒಪ್ಪುವುದಿಲ್ಲ. 1996 ರಲ್ಲಿ ಬೈದವರು ಅನೇಕರು ಮನಸ್ಸು ಬದಲಿಸಲೇ ಇಲ್ಲ. ಹೊಗಳಿದವರು ಬೇರೆಯವರು, ಮೊದಲ ಆಲ್ಬಮ್ಮಿನ ಋಣ ಇಲ್ಲದವರು. ಅವರಲ್ಲಿ ಹಲವರಿಗೆ ‘ಪಿಂಕರ್ಟನ್’ ಎಂಬುದೇ ಮೊದಲನೆಯದು. ಹಾಗೆ ಬಂದವರು ಆಮೇಲಿನ ವೀಜರನ್ನು ‘ಇದು ಅವರದಲ್ಲ’ ಎಂದು ತಿರಸ್ಕರಿಸಿದರು ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಈ ಚರ್ಚೆ ಬೇರೆ ರೀತಿಯಲ್ಲಿ ನಡೆದಿದೆ. ಸಿನಿಮಾ ಹಾಡಿನ ಕೇಳುಗರಾದ ನಾವು ಸಂಗೀತ ನಿರ್ದೇಶಕ ಚಿತ್ರದಿಂದ ಚಿತ್ರಕ್ಕೆ ವೇಷ ಬದಲಿಸುವುದನ್ನು ಸಹಜವೆಂದು ಒಪ್ಪುತ್ತೇವೆ. ಆದರೆ ಭಾವಗೀತೆಯ ಕ್ಯಾಸೆಟ್ಟಿನ ವಿಷಯ ಬಂದಾಗ ಹಾಗಲ್ಲ. ಮೈಸೂರು ಅನಂತಸ್ವಾಮಿಯವರ ಹಾರ್ಮೋನಿಯಮ್ಮಿನ ಸರಳತೆಗೆ ಕಿವಿ ಒಗ್ಗಿದವರು ಸಿ. ಅಶ್ವತ್ಥ್ ಅವರ ತುಂಬು ವಾದ್ಯಮೇಳವನ್ನು ಕೇಳಿ ‘ಕವಿತೆಯನ್ನು ವಾದ್ಯ ನುಂಗಿತು’ ಎಂದು ಗೊಣಗಿದ್ದನ್ನು ನಾನು ನಮ್ಮ ಮನೆಯ ಜಗಲಿಯಲ್ಲೇ ಕೇಳಿದ್ದೇನೆ. ಗೊಣಗಿದವರೇ ಹೊಲದ ಬದುವಿನಲ್ಲಿ ಅಶ್ವತ್ಥ್ ಧಾಟಿಯ ಶರೀಫರ ಪದವನ್ನು ಗುನುಗಿದ್ದನ್ನೂ ಕೇಳಿದ್ದೇನೆ. ಇನ್ನು ನಮ್ಮದೇ ಜಿಲ್ಲೆಯ ರುದ್ರಪಟ್ಟಣ. ಕಾವೇರಿ ದಂಡೆಯ ಆ ಊರಿನಲ್ಲಿ ಹುಟ್ಟಿ ತೊಂಬತ್ತು ದಾಟಿದ ಮೇಲೂ ಹಾಡಿದ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರನ್ನು ರಸಿಕರು ಗೌರವಿಸಿದ್ದು ಪಾಠಾಂತರದ, ಎಂದರೆ ಗುರುವಿನಿಂದ ಕಲಿತ ಕೃತಿಯ ರೂಪದ, ಶುದ್ಧಿಗಾಗಿ, ಅಂದರೆ ಬದಲಾಗದೆ ಉಳಿದದ್ದಕ್ಕಾಗಿ. ಅಲ್ಲಿ ‘ಇದು ಅವರ ಬಾನಿಯಲ್ಲ’ ಎಂಬ ಮಾತಿಗೆ ಖಚಿತವಾದ ಅರ್ಥವಿದೆ: ಬಾನಿ, ಅಂದರೆ ಹಾಡುವ ಶೈಲಿ, ಗುರುವಿನಿಂದ ಬಂದದ್ದು, ಹಾಡುವವನ ಸ್ವಂತ ಸ್ವತ್ತಲ್ಲ, ಕೇಳುಗನೂ ಅದರ ಕಾವಲುಗಾರ. ಪಾಪ್ ರಾಕ್ ತಂಡಕ್ಕೆ ಗುರುವಿಲ್ಲ, ಪಾಠಾಂತರವಿಲ್ಲ. ಹದಿನೆಂಟರ ಹುಡುಗರು ಒಂದು ಬೇಸಿಗೆಯಲ್ಲಿ ಮಾಡಿದ ಮೊದಲ ಆಲ್ಬಮ್ಮನ್ನೇ ಕೇಳುಗರು ಬಾನಿಯೆಂದು ಸ್ಥಾಪಿಸಿ, ಅದರ ಕಾವಲಿಗೆ ತಾವೇ ನಿಲ್ಲುತ್ತಾರೆ. ಮೊದಲನೆಯದನ್ನು ಬರೆಯಲು ಇಡೀ ಬಾಲ್ಯ ಸಿಗುತ್ತದೆ, ಎರಡನೆಯದಕ್ಕೆ ಆರು ತಿಂಗಳು ಎಂದು ಆ ಉದ್ಯಮದವರು ಹೇಳುವುದುಂಟು. ಕೇಳುಗನ ಲೆಕ್ಕವೂ ಹಾಗೆಯೇ: ಮೊದಲನೆಯದರೊಂದಿಗೆ ಆತ ಮೂರು ವರ್ಷ ಬಾಳಿರುತ್ತಾನೆ, ಎರಡನೆಯದಕ್ಕೆ ನಾಲ್ಕು ಹಾಡಿನ ಗಡುವು ಕೊಡುತ್ತಾನೆ.

ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ, ಬೇಲೂರು ಕಡೆಯ ಹುಡುಗಿ, ಈ ಎರಡು ಆಲ್ಬಮ್ಮುಗಳನ್ನು ಹಿಂದುಮುಂದಾಗಿ ಕೊಟ್ಟೆ: ಮೊದಲು 2008 ರದು, ಹದಿನೈದು ದಿನ ಬಿಟ್ಟು 2005 ರದು. ಎರಡನೆಯ ಕಂತು ಕೇಳಿ ಬಂದವಳು, “ಸರ್, ಇದೇನು ಇಷ್ಟು ಅರಚಾಟ, ಹಾಡುವವರು ಬದಲಾದರೇ?” ಎಂದು ಕೇಳಿದಳು. ಕಂಠ ಒಂದೇ ಎಂದೆ. ನಂಬಲಿಲ್ಲ, ಮೊಬೈಲಿನಲ್ಲಿ ಹುಡುಕಿ ನೋಡಿಕೊಂಡಳು.

ಆ ಒಂದೂವರೆ ನಿಮಿಷದ ಕ್ಷಮಾಪಣೆಯ ಹಾಡನ್ನು ಈಗ ಹಾಕುತ್ತೇನೆ, ಆಮೇಲೆ ಚರ್ಚೆಗೆ ಕೂರೋಣ. ಎಡಗಡೆಯ ಸ್ಪೀಕರು ಸ್ವಲ್ಪ ಗರಗರ ಎನ್ನುತ್ತಿದೆ. ಆ ಕಡೆ ಕುಳಿತವರು ಮುಂದಕ್ಕೆ ಬಂದರೆ ಒಳ್ಳೆಯದು.