ಮುಟ್ಟಿದ ಮೇಲೆ ನಡುಗಿದ ಎಂಜಿನ್

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನನ್ನ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿದೆ. ಹನ್ನೊಂದು ವರ್ಷದ ಗಾಡಿ, ನಾಲ್ಕು ಸಿಲಿಂಡರ್. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಿಸೋಣ, ಏರ್ ಫಿಲ್ಟರ್ ಹೊಸದು ಹಾಕೋಣ, ಹೇಗೂ ಬಿಚ್ಚಿದ್ದಾಯಿತು, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಕವಾಟ, ಅಂದರೆ ಥ್ರಾಟಲ್ ಬಾಡಿಯ ಮಸಿಯನ್ನೂ ಒರೆಸಿಬಿಡೋಣ ಅಂತ ಹೊರಟೆ. ಊಟದ ಹೊತ್ತಿಗೆ ಎಲ್ಲ ಜೋಡಿಸಿ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಗಣಪತಿ ಗಡಗಡ ಕುಣಿಯತೊಡಗಿದ. ಸ್ಟೀರಿಂಗ್ ಹಿಡಿದರೆ ಮೊಣಕೈವರೆಗೂ ನಡುಕ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಬೆಳಗ್ಗೆ ಸರಿಯಾಗೇ ಇತ್ತಲ್ರೀ, ನೀವು ಮುಟ್ಟಿದ್ಮೇಲೆ ತಾನೆ ಹೀಗಾಗಿದ್ದು?"

ಸಿಟ್ಟು ಬಂತು, ನಿಜ. ಆದರೆ ಅನುಭವಸ್ಥ ಮೆಕ್ಯಾನಿಕ್ ಕೂಡ ಮೊದಲು ಕೇಳುವುದು ಅದನ್ನೇ: ಏನೇನು ಮುಟ್ಟಿದಿರಿ? ನಾನೋ, ಫ್ಯೂಯಲ್ ಪಂಪ್ ಹೋಯಿತೋ, ಇಂಜೆಕ್ಟರ್ ಕಟ್ಟಿಕೊಂಡಿತೋ ಎಂದು ಸಾವಿರಗಟ್ಟಲೆ ಖರ್ಚಿನ ಕಡೆಗೇ ಯೋಚಿಸುತ್ತಿದ್ದೆ. ಬೆಳಗ್ಗೆ ನೆಟ್ಟಗಿದ್ದ ಪಂಪು, ನಾನು ಪ್ಲಗ್ ಬದಲಿಸಿದ ಮಾತ್ರಕ್ಕೆ ಮಧ್ಯಾಹ್ನ ಯಾಕೆ ಕೆಡಬೇಕು?

ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುವುದರಲ್ಲೂ ಬೇರೆ ಬೇರೆ ಬಗೆಯಿದೆ. ಅದನ್ನು ಕಿವಿ ಕೊಟ್ಟು ಕೇಳಬೇಕು. ನಿಂತಲ್ಲೇ ಓಡುವ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ಸುತ್ತುತ್ತದೆ ಅನ್ನಿ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರಿನಲ್ಲಿ ಕಿಡಿ ಹಾರಿ ಪೆಟ್ರೋಲ್ ಉರಿಯುತ್ತದೆ. ಅಂದರೆ ಒಂದು ಸಿಲಿಂಡರಿನ ಪಾಲಿಗೆ ನಿಮಿಷಕ್ಕೆ 400 ಹೊಡೆತ, ಸೆಕೆಂಡಿಗೆ ಆರೇಳು. ನಾಲ್ಕರಲ್ಲಿ ಒಂದು ಸುಮ್ಮನಾದರೆ ಸೆಕೆಂಡಿಗೆ ಆರೇಳು ಸಲ ಎಂಜಿನ್ ಮುಗ್ಗರಿಸುತ್ತದೆ. ತಾಳ ತಪ್ಪದ ಕುಂಟು ನಡಿಗೆ ಅದು. ಗ್ಯಾರೇಜಿನ ಭಾಷೆಯಲ್ಲಿ "ಮಿಸ್ಸಿಂಗ್ ಹೊಡೀತಿದೆ." ನನ್ನ ಗಾಡಿಯದೂ ಇದೇ ಸದ್ದು. ಜೊತೆಗೆ ಎಂಜಿನ್ ಗುರುತಿನ ಹಳದಿ ದೀಪ ಮಿಣುಕುತ್ತಿತ್ತು. ಅದು ಸುಮ್ಮನೆ ಉರಿದರೆ ನಿಧಾನಕ್ಕೆ ನೋಡಬಹುದು, ಮಿಣುಕಿದರೆ ಮಾತ್ರ ಗಾಡಿ ಓಡಿಸಲೇಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿ ಹಿಡಿದು, ಅಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸುತ್ತದೆ. ಅದರ ಬೆಲೆ ಕೇಳಿದರೆ ಕೂತುಬಿಡುತ್ತೀರಿ.

ಎಂಜಿನ್ ಆಫ್ ಮಾಡಿ, ನಾನು ಮುಟ್ಟಿದ್ದನ್ನೆಲ್ಲ ಹಿಂದಿನಿಂದ ಮುಂದಕ್ಕೆ ಮತ್ತೆ ಮುಟ್ಟುತ್ತ ಬಂದೆ. ಪ್ಲಗ್ ಮೇಲೆ ಕೂತು ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗೆ ವೈರು ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಕಪ್ಲರ್ ಇರುತ್ತದೆ. ಒಳಗೆ ಕೂತಾಗ "ಟಕ್" ಅನ್ನಬೇಕು. ಮೂರನೆಯದು ಮುಕ್ಕಾಲು ಒಳಗೆ ಹೋಗಿ ನಿಂತಿತ್ತು. ನೋಡುವ ಕಣ್ಣಿಗೆ ಎಲ್ಲ ಸರಿ. ಬೆರಳಲ್ಲಿ ಎಳೆದರೆ ಹಾಗೇ ಬಂತು. ಒತ್ತಿದೆ, ಟಕ್ ಅಂತು, ಕುಂಟು ನಿಂತಿತು. ಕಪ್ಲರ್ ಸರಿಯಿದ್ದೂ ಮಿಸ್ಸಿಂಗ್ ನಿಲ್ಲದಿದ್ದರೆ ಹೊಸ ಪ್ಲಗ್ಗನ್ನೇ ಅನುಮಾನಿಸಬೇಕು. ಕೈಜಾರಿ ಒಮ್ಮೆ ನೆಲಕ್ಕೆ ಬಿದ್ದಿದ್ದರೆ ತುದಿಯ ಸಂದು ಮುಚ್ಚಿಕೊಂಡಿರಬಹುದು, ಬಿಳಿಯ ಪಿಂಗಾಣಿಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು. ಯಾವ ಸಿಲಿಂಡರ್ ಎಂದು ತಿಳಿಯಲು ಕೆಲವರು ಎಂಜಿನ್ ಓಡುತ್ತಿರುವಾಗಲೇ ಕಾಯಿಲ್ ಕಿತ್ತು ನೋಡುತ್ತಾರೆ. ಅಲ್ಲಿರುವುದು ಸಾವಿರಾರು ವೋಲ್ಟ್. ಆ ಸಾಹಸ ಬೇಡ, ಗಾಡಿಯ ಕಂಪ್ಯೂಟರ್ ಗುರುತಿಸಿಟ್ಟ ದೋಷದ ಸಂಕೇತ ಓದುವ ಸ್ಕ್ಯಾನರ್ ಹಾಕಿಸಿ. ಪಿ 0303 ಎಂದು ಬಂದರೆ ಮೂರನೇ ಸಿಲಿಂಡರ್ ಎಂದು ಅದೇ ಹೇಳುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕುಂಟು ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಯಿಲೆ ಕಾಣಿಸಿಕೊಂಡಿತು. ಎಂಜಿನ್ ಸುತ್ತು ತೋರಿಸುವ ಮೀಟರ್ ಮುಳ್ಳು ಉಯ್ಯಾಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಆಕ್ಸಲರೇಟರ್ ಒತ್ತಿ ರೇಸ್ ಮಾಡಿದರೆ ಎಲ್ಲ ಸರಿ, ಕಾಲು ತೆಗೆದರೆ ಮತ್ತೆ ಉಯ್ಯಾಲೆ. ಇದು ಗಾಳಿಯ ಕಳ್ಳದಾರಿಯ ಲಕ್ಷಣ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ತೂತಿನಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿದರೆ ಈ ಅಳತೆ ತಪ್ಪುತ್ತದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಅದರ ಹಿಂದೆ ಎಳೆತ ಜೋರು, ಬೇಕಾದ ಗಾಳಿಯೋ ಚೂರೇ ಚೂರು. ಆಗ ಸಣ್ಣ ತೂತೂ ದೊಡ್ಡ ಲೆಕ್ಕ. ವೇಗದಲ್ಲಿ ಓಡುವಾಗ ಗಾಳಿ ಧಾರಾಳವಾಗಿ ನುಗ್ಗುತ್ತದಲ್ಲ, ಅಷ್ಟರಲ್ಲಿ ಈ ತೂತು ಗಣನೆಗೇ ಬರುವುದಿಲ್ಲ.

ತೂತು ಹುಡುಕಲು ಸ್ಪ್ರೇ ಹೊಡೆದು ನೋಡುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಹೊತ್ತಿಕೊಳ್ಳುವ ದ್ರವ ಸಿಂಪಡಿಸುವುದು ನನಗೆ ಸರಿಕಾಣದು. ಗಿಡಕ್ಕೆ ನೀರು ಹಾಕುವ ಪೈಪಿನ ಮೊಳದುದ್ದದ ತುಂಡೊಂದನ್ನು ಕಿವಿಗಿಟ್ಟುಕೊಂಡೆ. ಫ್ಯಾನು, ಬೆಲ್ಟುಗಳಿಂದ ದೂರ ಇಟ್ಟುಕೊಂಡು ಇನ್ನೊಂದು ತುದಿಯನ್ನು ಮೆಲ್ಲಗೆ ಆಡಿಸುತ್ತ ಹೋದೆ. ಥ್ರಾಟಲ್ ಹಿಂಬದಿಯಲ್ಲಿ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಸೇರುವ ಕಿರುಬೆರಳು ದಪ್ಪದ ರಬ್ಬರ್ ಪೈಪಿನ ಹತ್ತಿರ "ಸುಯ್" ಎಂಬ ಸದ್ದು ಕೇಳಿತು. ಮೇಲಿನಿಂದ ಏನೂ ಕಾಣದು. ಬುಡಕ್ಕೆ ಬೆರಳು ಹಾಕಿದರೆ ಕೆಳಗಡೆ ಬಾಯಿ ಬಿಟ್ಟಿತ್ತು. ವರ್ಷಗಟ್ಟಲೆ ಬಿಸಿ ತಿಂದು ಹಪ್ಪಳದಂತಾಗಿದ್ದ ರಬ್ಬರನ್ನು ನಾನೇ ಪಕ್ಕಕ್ಕೆ ಬಗ್ಗಿಸಿ ಸೀಳಿದ್ದೆ.

ಪೈಪ್ ಬದಲಿಸಿದೆ. ಉಯ್ಯಾಲೆ ನಿಂತಿತು, ಆದರೂ ಐಡ್ಲಿಂಗ್ ನಿಮಿಷಕ್ಕೆ 1,100 ಸುತ್ತಿನಿಂದ ಕೆಳಗಿಳಿಯಲೊಲ್ಲದು. ಮತ್ತೆ ಸ್ಪ್ಯಾನರ್ ಹಿಡಿಯಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಥ್ರಾಟಲ್‌ಗೆ ಮಸಿ ಕಟ್ಟುತ್ತ ಬಂದಂತೆ ಗಾಡಿಯ ಕಂಪ್ಯೂಟರ್ ಅದನ್ನು ಚೂರುಚೂರೇ ಹೆಚ್ಚು ತೆರೆಯಲು ಕಲಿತಿರುತ್ತದೆ. ಮಸಿ ಒರೆಸಿದ ಮೇಲೂ ಹಳೇ ಅಭ್ಯಾಸದಂತೆ ತೆರೆದರೆ ಗಾಳಿ ಹೆಚ್ಚೇ ಹೋಗುತ್ತದೆ. ಮತ್ತೆ ಕಲಿಯಲು ಅದಕ್ಕೆ ಸಮಯ ಬೇಕು. ಕೆಲವು ಗಾಡಿಗಳಲ್ಲಿ ಸ್ಕ್ಯಾನರಿನಿಂದಲೇ ಕಲಿಸಬೇಕಾಗುತ್ತದೆ, ಕ್ರಮ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ನನ್ನದು ಮೂರು ದಿನ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ತಾನಾಗಿ 800ಕ್ಕೆ ಬಂದು ನಿಂತಿತು.

ಬ್ರೇಕ್ ಪ್ಯಾಡುಗಳೂ ಸವೆದಿವೆ. ಅದಕ್ಕೆ ಮಾತ್ರ ನಾನು ಕೈ ಹಾಕುತ್ತಿಲ್ಲ, ಶನಿವಾರ ಗ್ಯಾರೇಜಿಗೆ ಬಿಡುತ್ತಿದ್ದೇನೆ. ನಮಸ್ಕಾರ.