ಮರ ನೋಡಲು ಹೋದವರು ಬುಡ ನೋಡಲಿಲ್ಲ

ನಮಸ್ಕಾರ. ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಮೈಸೂರಿನ ಒಂದು ಹಳೆಯ ಉದ್ಯಾನದಲ್ಲಿ ನಡೆದ ಮರಗಳ ನಡಿಗೆಗೆ ನಾನೂ ಹೋಗಿದ್ದೆ. ಉದ್ಯಾನದ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಅಲ್ಲಿನ ಕಾವಲುಗಾರ ನನ್ನನ್ನು ಒಳಗೆ ಬಿಡುವುದಿಲ್ಲ. ಇಪ್ಪತ್ತೈದು ಜನ, ಎರಡು ಗಂಟೆ, ಮೂವತ್ತು ಮರ. ಮರವೊಂದಕ್ಕೆ ನಾಲ್ಕು ನಿಮಿಷ, ಅದರಲ್ಲಿ ಎರಡು ನಿಮಿಷ ಸೆಲ್ಫಿಗೆ ಹೋಯಿತು.

ನಡಿಗೆಯನ್ನು ನಡೆಸಿಕೊಟ್ಟ ಯುವಕರು ಓದಿಕೊಂಡವರು, ಅದರಲ್ಲಿ ಎರಡು ಮಾತಿಲ್ಲ. ಮಳೆಮರ ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು, ಸಂಜೆಯಾದೊಡನೆ ಎಲೆ ಮಡಚಿಕೊಳ್ಳುತ್ತದೆ ಎಂದರು. ಗುಲ್‌ಮೊಹರ್‌ನ ತವರು ಮಡಗಾಸ್ಕರ್ ಎಂದರು. ನಾವು ಶಿವನಿಗೆ ಏರಿಸುವ ನಾಗಲಿಂಗ ಪುಷ್ಪದ ಮರವೂ ದಕ್ಷಿಣ ಅಮೆರಿಕದ್ದೇ ಎಂದಾಗ ಒಬ್ಬ ಅಜ್ಜಿ ಅವರನ್ನು ದುರುಗುಟ್ಟಿಕೊಂಡು ನೋಡಿದರು. ಸೀತೆ ಕುಳಿತ ಅಶೋಕವೇ ಬೇರೆ, ಕಾಂಪೌಂಡಿನುದ್ದಕ್ಕೂ ಕಂಬದಂತೆ ನಿಲ್ಲುವ ಮರವೇ ಬೇರೆ ಎಂಬುದನ್ನು ಬಿಡಿಸಿ ಹೇಳಿದರು. ಗೋಣಿಮರದ ಹಳೆಯ ಶಾಸ್ತ್ರೀಯ ಹೆಸರು ಫೈಕಸ್ ಮೈಸೊರೆನ್ಸಿಸ್, ಅದರಲ್ಲಿ ನಮ್ಮೂರೇ ಇದೆ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಆ ಎರಡು ಗಂಟೆಯೂ ಇಪ್ಪತ್ತೈದು ಕತ್ತುಗಳು ಮೇಲಕ್ಕೇ ಎತ್ತಿದ್ದವು. ಬುಡವನ್ನು ಒಬ್ಬರೂ ನೋಡಲಿಲ್ಲ.

ನಾನು ನೋಡಿದೆ. ಆ ಮಳೆಮರದ ಕಾಂಡಕ್ಕೆ ತಾಗುವ ಹಾಗೆ ಸುತ್ತಲೂ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಸಂದುಗಳಿಗೆ ಸಿಮೆಂಟು ಮೆತ್ತಿದ್ದಾರೆ. ಒಂದು ಕಡೆ ಬೇರು ಉಬ್ಬಿ ನಾಲ್ಕು ಇಟ್ಟಿಗೆಗಳನ್ನು ಎತ್ತಿದೆ. ಅದನ್ನು ಮರದ ತಂಟೆ ಎಂದು ತಿಳಿದು ಯಾರೋ ಬೇರಿನ ನೆತ್ತಿಯನ್ನೇ ಮಚ್ಚಿನಿಂದ ಕೆತ್ತಿದ್ದಾರೆ. ಎದೆಯೆತ್ತರದಲ್ಲಿ, ಯಾವುದೋ ದಸರೆಯಲ್ಲಿ ಸೀರಿಯಲ್ ಸೆಟ್ ಕಟ್ಟಿದ್ದ ಬೈಂಡಿಂಗ್ ವೈರು ಹಾಗೇ ಉಳಿದು, ತೊಗಟೆ ಅದನ್ನು ಅರ್ಧ ನುಂಗಿದೆ. ನಾನು ಕೈಯೆತ್ತಿ ಇದನ್ನು ಕೇಳಿದರೆ, "ಸರ್, ಪ್ರಶ್ನೆಗಳು ಕೊನೆಯಲ್ಲಿ" ಎಂದರು. ಕೊನೆಯಲ್ಲಿ ಇಡ್ಲಿ-ವಡೆ ಇತ್ತು.

ಬುಡ ನೋಡಬೇಕು ಎನ್ನುವುದು ನನ್ನ ಹುಚ್ಚಲ್ಲ. ಮರಕ್ಕೆ ನೀರು, ಸಾರ ಹೀರಿಕೊಡುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳನ್ನೂ ದಾಟಿ ಅಡ್ಡಡ್ಡ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಇರುವುದು ತೊಗಟೆಯ ಒಳಮೈಯಲ್ಲಿ. ಮರ ದಪ್ಪವಾದಂತೆಲ್ಲ ಬಿಗಿಯುವ ತಂತಿ ಆ ದಾರಿಯನ್ನೇ ಹಿಸುಕುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತು. ಒಂದೇ ಒಂದು ಮೀಟರ್. ಇಪ್ಪತ್ತೈದು ಜನರ ಗುಂಪಿಗೆ ಅಲ್ಲಿ ಇದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು.

ಈ ಮಾತನ್ನು ಮೊನ್ನೆ ನಮ್ಮ ಚಾನೆಲ್‌ನಲ್ಲಿ ಎರಡು ಸಾಲಿನಲ್ಲಿ ಬರೆದಿದ್ದಕ್ಕೆ ಒಬ್ಬ ವೀಕ್ಷಕರು, "ಅರಳಿಕಟ್ಟೆ ಕಟ್ಟಿದ ನಮ್ಮ ಹಿರಿಯರೇನು ದಡ್ಡರೇ?" ಎಂದು ಕೇಳಿದ್ದಾರೆ. ಅಲ್ಲ ಸ್ವಾಮಿ, ನಾವು ದಡ್ಡರು. ಹಿರಿಯರ ಕಟ್ಟೆಯಲ್ಲಿ ಕಲ್ಲಿನ ಸಂದಿಗೆ ಮಣ್ಣಿತ್ತು, ನಡುವೆ ಮರದ ಸುತ್ತ ಮಣ್ಣಿತ್ತು, ಪ್ರದಕ್ಷಿಣೆ ಬರುವ ಹೆಂಗಸರು ದಿನವೂ ತಂಬಿಗೆ ನೀರು ಹೊಯ್ಯುತ್ತಿದ್ದರು. ಗ್ರಾನೈಟ್ ಹೊದಿಸಿ, ದಾನಿಗಳ ಹೆಸರು ಕೆತ್ತಿಸಿದ ಮೇಲೆ ಅದು ಕಟ್ಟೆಯಲ್ಲ, ಸಮಾಧಿ. ಇನ್ನೊಬ್ಬರು, ಬೆಂಗಳೂರಿನ ಹೊರಗಿರುವ ದೊಡ್ಡ ಆಲದ ಮರದ ಮೂಲ ಕಾಂಡ ಎಂದೋ ಸತ್ತಿತು, ಆದರೂ ಮರ ಬದುಕಿಲ್ಲವೇ ಎಂದಿದ್ದಾರೆ. ಅದು ಬದುಕಿರುವುದು ಮೂರು ಎಕರೆಯಲ್ಲಿ ಬಿಳಲು ಬಿಟ್ಟು. ಪ್ರತಿ ಬಿಳಲಿಗೂ ಒಂದೊಂದು ಬುಡ, ಪ್ರತಿ ಬುಡಕ್ಕೂ ಮಣ್ಣು. ನನ್ನ ಮಾತನ್ನು ಇಷ್ಟು ಚೆನ್ನಾಗಿ ಸಮರ್ಥಿಸಿದ್ದಕ್ಕೆ ಅವರಿಗೆ ವಂದನೆಗಳು. ಇನ್ನೂ ಚಂದಾದಾರರಾಗಿಲ್ಲ, ದಯವಿಟ್ಟು ಆಗಿ.

ಇಟ್ಟಿಗೆ ಹಾಸದಿದ್ದರೆ ವಯಸ್ಸಾದವರು ಕೆಸರಿನಲ್ಲಿ ನಡೆಯಬೇಕೇ ಎಂಬ ಪ್ರಶ್ನೆಯೂ ಬಂದಿದೆ. ವಯಸ್ಸಾದವರು ದಾರಿಯಲ್ಲಿ ನಡೆಯುತ್ತಾರೆ, ಮರವನ್ನು ತಬ್ಬಿಕೊಂಡು ನಡೆಯುವುದಿಲ್ಲ. ಮುಂದಿನದು.

ಬೇಸಿಗೆಯಲ್ಲಿ ಭರಣಿ ಮಳೆಯ ಮೊದಲ ಗಾಳಿಗೆ ಮರ ಕಾರಿನ ಮೇಲೆ ಉರುಳಿದಾಗ, "ಹಳೆಯ ಮರ, ಬಿತ್ತು" ಎನ್ನುತ್ತೇವೆ. ಚರಂಡಿಗೆಂದು ಒಂದು ಪಕ್ಕದ ಬೇರು ಕತ್ತರಿಸಿ, ಕೇಬಲ್ಲಿಗೆಂದು ಇನ್ನೊಂದು ಪಕ್ಕದ್ದನ್ನು ಕತ್ತರಿಸಿ, ಉಳಿದದ್ದಕ್ಕೆ ಸಿಮೆಂಟು ಸುರಿದವರು ಯಾರು? ಬಿದ್ದ ದಿನ ಎಲ್ಲರೂ ಬುಡವನ್ನೇ ನೋಡುತ್ತಾರೆ, ಫೋಟೋ ಕೂಡ ತೆಗೆಯುತ್ತಾರೆ. ನಿಂತಿದ್ದಾಗ ನೋಡಿ ಎಂದರೆ ಮಾತ್ರ ಇಡ್ಲಿ ಆರುತ್ತದೆ. ಮಡಗಾಸ್ಕರ್ ಗೊತ್ತು, ಕಾಲಡಿ ಗೊತ್ತಿಲ್ಲ! ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿಕೊಂಡು ಮರದ ಕುತ್ತಿಗೆಯ ತಂತಿಯನ್ನು ದಾಟಿ ಹೋಗುವುದಕ್ಕೆ ನಡಿಗೆ ಬೇರೆ, ಟೀ ಶರ್ಟು ಬೇರೆ. ಬುಡ ನೋಡಿ ಮಾರಾಯರೇ, ಬುಡ!

ಹೋಗಲಿ. ಬರುವ ಭಾನುವಾರ ಆರೂವರೆಗೆ ಅದೇ ಉದ್ಯಾನದಲ್ಲಿ ನಾನೇ ಒಂದು ನಡಿಗೆ ನಡೆಸುತ್ತೇನೆ. ಬರುವವರು ಕೆಳಗೆ ಬರೆಯಿರಿ, ಜಾಗ ತಿಳಿಸುತ್ತೇನೆ. ಶುಲ್ಕವಿಲ್ಲ, ತಿಂಡಿಯಿಲ್ಲ, ಮರಗಳು ಮೂರೇ. ಬುಡ ಅಗಲವಾಗಿ ಹರಡಿ ಮಣ್ಣಿಗೆ ಇಳಿದಿದೆಯೇ, ಇಲ್ಲಾ ಕಂಬ ನೆಟ್ಟಂತೆ ನೇರ ಹೂತಿದೆಯೇ ಎಂದು ಕುಕ್ಕರಗಾಲಿನಲ್ಲಿ ಕುಳಿತು ನೋಡೋಣ. ನೇರ ಹೂತಿದ್ದರೆ ಮೇಲೆ ಮಣ್ಣೋ ಸಿಮೆಂಟೋ ತುಂಬಿಸಿದ್ದಾರೆ ಎಂದೇ ಲೆಕ್ಕ. ತೊಗಟೆಯೊಳಗೆ ಹೋಗಿರುವ ತಂತಿಯನ್ನು ಎಳೆಯಬಾರದು, ಹೊರಗೆ ಕಾಣುವಷ್ಟನ್ನು ಕತ್ತರಿಸಿ ಬಿಗಿ ಸಡಿಲಿಸಿದರೆ ಸಾಕು. ಅದಕ್ಕೆ ಉದ್ಯಾನದವರ ಒಪ್ಪಿಗೆ ಕೇಳಿದ್ದೇನೆ. ಕಟಿಂಗ್ ಪ್ಲೈಯರ್ ಇದ್ದವರು ತನ್ನಿ. ನನ್ನದನ್ನು ಎದುರುಮನೆಯವರು ತೆಗೆದುಕೊಂಡು ಹೋಗಿ ಮೂರು ತಿಂಗಳಾಯಿತು. ಅವರೂ ಈ ಚಾನೆಲ್ ನೋಡುತ್ತಾರೆ.