ಬದುಕಿ ಬಂದ ಬಾಣಂತಿಯನ್ನು ಯಾರಾದರೂ ಕೇಳಿದ್ದೀರಾ?

ನಮಸ್ಕಾರ. ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಸಾವಿನ ದವಡೆಯಿಂದ ಪಾರಾಗಿ ಬಂದವಳನ್ನು ಎದುರಿಗೆ ಕೂರಿಸಿಕೊಂಡು, "ಅವತ್ತು ಏನೇನಾಯ್ತಮ್ಮ?" ಅಂತ ಕೇಳುವವರು ಎಷ್ಟು ಜನ? ತಾಯಿ ಮಗು ಇಬ್ಬರೂ ಕ್ಷೇಮ ಅಂದರೆ ಮುಗೀತು, ಎಲ್ಲರಿಗೂ ನಿರಾಳ. ಕಲಿಯೋದು ಜಾಸ್ತಿ ಇರುವುದು ಅಲ್ಲೇ ಅಂತ ನನ್ನ ಗಟ್ಟಿ ನಂಬಿಕೆ.

ಬಾಣಂತಿ ತೀರಿಕೊಂಡರೆ ಸರ್ಕಾರ ತನಿಖೆ ಮಾಡುತ್ತದೆ, ಮಾಡಲೇಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬಾಣಂತಿಯರು ಸತ್ತಾಗ ಇಡೀ ರಾಜ್ಯ ಎದ್ದು ಕೂತಿತು. 2018-20ರ ಲೆಕ್ಕ ನೋಡಿ. ಕರ್ನಾಟಕದಲ್ಲಿ 1 ಲಕ್ಷ ಜೀವಂತ ಹೆರಿಗೆಗೆ 69 ತಾಯಂದಿರ ಸಾವು. ಪಕ್ಕದ ಕೇರಳದಲ್ಲಿ 19. ಈ ಸಂಖ್ಯೆ ಇನ್ನೂ ಇಳಿಯಬೇಕು. ಆದರೆ ಹೊಸನಗರದಂಥ ಒಂದು ತಾಲ್ಲೂಕಿಗೆ ಬಂದರೆ ಸಾವು ಬೆರಳೆಣಿಕೆ. ಅಷ್ಟರಿಂದ ಎಲ್ಲೆಲ್ಲಿ ಎಡವುತ್ತಿದ್ದೇವೆ ಅಂತ ಗೊತ್ತಾಗೋದು ಕಷ್ಟ. ಸಾಯುವ ಹಂತಕ್ಕೆ ಹೋಗಿ ಉಳಿದವರು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅವರಿಗೆ ಬಾಯಿಯೂ ಇದೆ, ನೆನಪೂ ಇದೆ.

ಡಾಕ್ಟರುಗಳು ಇಂಥದ್ದನ್ನು 'ನಿಯರ್ ಮಿಸ್' ಅನ್ನುತ್ತಾರೆ. ಬಸುರಿನಲ್ಲೋ, ಹೆರಿಗೆಯಲ್ಲೋ, ಹೆರಿಗೆಯಾಗಿ 42 ದಿನದ ಒಳಗೋ ಸತ್ತೇ ಹೋಗಬೇಕಿದ್ದವಳು ಬದುಕಿದರೆ ಅದು ನಿಯರ್ ಮಿಸ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದಕ್ಕೆ ಒಂದೇ ಅಳತೆಗೋಲು ಕೊಟ್ಟಿತು. ನಮ್ಮ ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಮಾರ್ಗಸೂಚಿ ತಂದು, ಮೆಡಿಕಲ್ ಕಾಲೇಜುಗಳಿಂದ ಶುರು ಮಾಡಿ ಎಂದಿತು. ಒಳ್ಳೆಯದೇ. ಆದರೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ಅರ್ಧ ಕಥೆ ದಾರಿಯಲ್ಲೇ ಆಗಿಹೋಗಿರುತ್ತದಲ್ವಾ?

ರಕ್ತಸ್ರಾವವನ್ನೇ ತಗೊಳ್ಳಿ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗಬೇಕು. ಆಗ ಅದರ ಸ್ನಾಯುಗಳ ನಡುವೆ ಹಾದುಬಂದ ರಕ್ತನಾಳಗಳು ಒತ್ತಿಕೊಂಡು ಮುಚ್ಚುತ್ತವೆ. ಕುಗ್ಗದೆ ಮೆತ್ತಗೇ ಉಳಿದರೆ ನಲ್ಲಿ ತಿರುಗಿಸಿ ಬಿಟ್ಟ ಹಾಗೆ. ಮೊದಲೇ ರಕ್ತಹೀನತೆ ಇದ್ದವಳಿಗೆ ಸ್ವಲ್ಪ ಹೋದರೂ ಕುತ್ತು. ಗರ್ಭಕೋಶ ಕುಗ್ಗಲಿ ಅಂತ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಜೂನ್, ಜುಲೈ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಆ ಫ್ರಿಜ್ ತಣ್ಣಗಿತ್ತಾ ಅಂತ ಕೇಳಲೇಬೇಕು.

ಎಷ್ಟು ರಕ್ತ ಹೋಯಿತು ಅನ್ನುವುದೂ ಹೆಚ್ಚಾಗಿ ಕಣ್ಣಂದಾಜೇ. ಬಟ್ಟೆ ಹೀರಿದ್ದು, ಹಾಸಿಗೆಗೆ ಇಳಿದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮದೇ ಬೆಳಗಾವಿಯ ಹಳ್ಳಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾಯಿಯ ಸೊಂಟದ ಕೆಳಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಸಿ ರಕ್ತ ಅಳೆದರು. ಮುಂದೆ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಅಂಥದ್ದೇ ಚೀಲದಲ್ಲಿ ಅಳೆದು, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೇ ಕೊಟ್ಟರು. ತೀವ್ರ ರಕ್ತಸ್ರಾವದ ಅಪಾಯ ಶೇ. 60ರಷ್ಟು ಇಳಿಯಿತು. ಫಲಿತಾಂಶ ಬಂದದ್ದು 2023ರಲ್ಲಿ. ಒಂದು ಚೀಲ, ಒಂದು ಗೆರೆ, ಕೂಡಲೇ ಕೈಹಾಕುವ ನರ್ಸಮ್ಮ. ಇದು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಕೈಗೆಟುಕದ್ದೇನಲ್ಲ.

1994ರಲ್ಲಿ ಸೆರೀನ್ ಥಡಿಯಸ್, ಡೆಬೊರಾ ಮೈನ್ ಎಂಬ ಸಂಶೋಧಕಿಯರು ಮೂರು ತಡಗಳ ಬಗ್ಗೆ ಬರೆದರು. ಆಸ್ಪತ್ರೆಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನಿಸಲು ಆಗುವ ತಡ, ದಾರಿಯ ತಡ, ಹೋದ ಮೇಲೆ ಚಿಕಿತ್ಸೆ ಸಿಗುವ ತಡ. ತುಮರಿ ಕಡೆಯವರಿಗೆ ಎರಡನೆಯದನ್ನು ಯಾರೂ ವಿವರಿಸಬೇಕಿಲ್ಲ. ಲಿಂಗನಮಕ್ಕಿ ಹಿನ್ನೀರು ಬಂದಾಗಿನಿಂದ ಸಾಗರಕ್ಕೆ ಹೋಗಲು ಲಾಂಚ್ ಕಾಯಬೇಕಿತ್ತು. ರಾತ್ರಿ ನೋವು ಶುರುವಾದರೆ ದೇವರೇ ಗತಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗುವವರ ಸಂಭ್ರಮ ಎಲ್ಲರಿಗೂ ಕಂಡಿತು. ಬಸುರಿಯರ ದಾರಿ ಎಷ್ಟು ಹಗುರಾಯಿತು ಅಂತ ಯಾರಾದರೂ ಬರೆದಿಡಬೇಕು.

ನಮ್ಮೂರಿನ ಅಕ್ಕ ಒಬ್ಬರಿಗೆ ಎರಡನೇ ಹೆರಿಗೆಯಲ್ಲಿ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಅಡಿಕೆ ಸುಲಿಯುತ್ತಾ ಹೇಳಿದರು: "ಕೈಕಾಲು ತಣ್ಣಗಾಗ್ತಿದೆ ಅಂತ ನಾನು ಹೇಳ್ತಾನೇ ಇದ್ದೆ ಮಾರಾಯ್ತಿ. ಚಳಿ ಇರ್ಬೇಕು ಅಂತ ಅತ್ತೆ ಕಂಬಳಿ ಹೊದೆಸಿದ್ರು. ಆಮೇಲೆ ಅದನ್ನ ಯಾರೂ ಕೇಳ್ಲೇ ಇಲ್ಲ." ಆ ಕಂಬಳಿಯ ವಿಷಯ ಕೇಸ್ ಶೀಟಿನಲ್ಲಿ ಎಲ್ಲಿ ಬರುತ್ತದೆ ಹೇಳಿ?

ಇಂಥ ವಿಚಾರಣೆ ಅಂದರೆ ಡಾಕ್ಟರುಗಳಿಗೂ ನರ್ಸುಗಳಿಗೂ ಭಯ. ಆ ಭಯ ಸುಳ್ಳಲ್ಲ. ತಪ್ಪು ಯಾರ ತಲೆಗೆ ಕಟ್ಟೋಣ ಅಂತ ಹೊರಟರೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ 1952ರಿಂದ ತಾಯಂದಿರ ಸಾವಿನ ವಿಚಾರಣೆಯನ್ನು ಗುಟ್ಟಾಗಿ, ಯಾರ ಹೆಸರೂ ಹೊರಬರದ ಹಾಗೆ ನಡೆಸಿಕೊಂಡು ಬಂದಿದ್ದಾರೆ. ಬದುಕಿದವರ ವಿಷಯದಲ್ಲೂ ನಮಗೆ ಅಂಥದ್ದೇ ಬೇಕು. ಊರಿನ ಹೆಸರು, ಸಿಬ್ಬಂದಿಯ ಹೆಸರು ಬೇಡ. ಗಂಟೆ, ದೂರ, ರಕ್ತದ ಬಾಟಲಿ ಸಿಕ್ಕ ಹೊತ್ತು, ಇಷ್ಟು ಸಾಕು.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದವರೆಗೆ ಆರು ಸಲ ಮನೆಗೆ ಬಂದು ಮಗುವನ್ನು ನೋಡಬೇಕು ಅನ್ನುವ ನಿಯಮ ಈಗಲೇ ಇದೆ. ಆಕೆಗೆ ಸರಿಯಾದ ಸಂಬಳ ಕೊಡಿ, ಕೈಗೆ ಒಂದು ಹಾಳೆ ಕೊಡಿ. ನೋವು ಶುರುವಾದದ್ದು ಎಷ್ಟು ಹೊತ್ತಿಗೆ, 108 ಬಂದದ್ದು ಯಾವಾಗ, ಎಷ್ಟು ಆಸ್ಪತ್ರೆ ತಿರುಗಿದಿರಿ, ನೀವು ಹೇಳಿದ್ದನ್ನು ಯಾರಾದರೂ ಕಿವಿಗೆ ಹಾಕಿಕೊಂಡರಾ ಅಂತ ಆಕೆ ಕೇಳಲಿ, ಬಾಣಂತಿ ಹೇಳಿದ ಹಾಗೆಯೇ ಬರೆಯಲಿ. ತಾಲ್ಲೂಕು ಆರೋಗ್ಯಾಧಿಕಾರಿಗಳು ತಿಂಗಳ ಮೀಟಿಂಗಿನಲ್ಲಿ ಆ ಹಾಳೆಗಳನ್ನು ಎಲ್ಲರ ಮುಂದೆ ಓದಿಸಲಿ.